ಮಿಠಾಯಿ ಬುಟ್ಟಿ, ಜೋಕುಮಾರನ ಬುಟ್ಟಿ



ನವೆಂಬರ್ 1 ಕನ್ನಡ ರಾಜ್ಯೋತ್ಸವ. ಅದರ ಹಿಂದಿನ ಸಂಜೆ, ಅಕ್ಟೋಬರ್ 31ಕ್ಕೆ, ಅಮೆರಿಕದಲ್ಲಿ ಹ್ಯಾಲೋವೀನ್. ಅಲ್ಲಿ ನೆಲೆಸಿದ ಕನ್ನಡ ಮನೆಗಳಿಗೆ ಈ ಎರಡೂ ಒಂದರ ಬೆನ್ನಿಗೊಂದು ಬರುತ್ತವೆ. ಇವತ್ತು ದೆವ್ವದ ವೇಷ, ನಾಳೆ ಭುವನೇಶ್ವರಿಯ ಪೂಜೆ. ದೆವ್ವದ ವೇಷ ತೊಟ್ಟ ಮಗು ಕೈಯಲ್ಲೊಂದು ಬುಟ್ಟಿ ಹಿಡಿದು ನೆರೆಮನೆಯ ಕರೆಗಂಟೆ ಒತ್ತುತ್ತದೆ. ‘ಟ್ರಿಕ್ ಆರ್ ಟ್ರೀಟ್’ ಎಂದು ಕೂಗುತ್ತದೆ. ಮಿಠಾಯಿ ಕೊಡ್ತೀರೋ, ನಮ್ಮ ಕಿತಾಪತಿ ತಡಕೊಳ್ತೀರೋ ಎಂಬ ಧಮಕಿ ಅದು. ಮನೆಯವರು ನಕ್ಕು, ಹೆದರಿದಂತೆ ನಟಿಸಿ, ಬುಟ್ಟಿಗೆ ಚಾಕಲೇಟು ಹಾಕುತ್ತಾರೆ.

ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇದು ನಡೆಯುತ್ತದೆ. ಬಳ್ಳಾರಿಯಲ್ಲಿ ಕುಳಿತ ಅಜ್ಜ ಅಜ್ಜಿ ವಿಡಿಯೋ ಕರೆಯಲ್ಲಿ ಮೊಮ್ಮಗುವಿನ ವೇಷ ನೋಡುತ್ತಾರೆ. ನೋಡಿದವರಿಗೆ ಎರಡು ಮನಸ್ಸು. ಮಗು ಚೆಂದ ಕಾಣುತ್ತದೆ, ಕುಣಿಯುತ್ತದೆ, ಅಕ್ಕಪಕ್ಕದವರ ಪರಿಚಯ ಆಗುತ್ತದೆ, ಅದು ಖುಷಿ. ಆದರೆ ಇನ್ನೊಂದು ಮಾತೂ ನಾಲಿಗೆಯ ತುದಿಗೆ ಬರುತ್ತದೆ: ‘ಉಂಡು ತಿಂದು ಸುಖವಾಗಿರೋ ಮನಿ ಕೂಸು ಮಂದಿ ಬಾಗಿಲಿಗೆ ಹೋಗಿ ಬೇಡೋದೇನವ್ವ?’

ಆ ಎರಡು ಮನಸ್ಸಿನ ಬಗ್ಗೆಯೇ ಈ ಹೊತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಮೊದಲಿಗೇ ಹೇಳಿಬಿಡುತ್ತೇನೆ: ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಕೇಳುವುದು ನಮಗೆ ಹೊಸದೇನೂ ಅಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಬಾಗಿಲುಗಳನ್ನು ವರ್ಷದುದ್ದಕ್ಕೂ ಯಾರಾದರೂ ತಟ್ಟುತ್ತಲೇ ಇದ್ದರು. ಅವರನ್ನು ಕಂಡು ನಮಗೆ ಆಗುತ್ತಿದ್ದ ಸಂತೋಷ, ಹೆದರಿಕೆ, ಮುಜುಗರ ಮೂರೂ ಹಳೆಯವೇ.

ಭಾದ್ರಪದ ಮಾಸವನ್ನೇ ನೋಡಿ. ಚೌತಿಗೆ ಗಣಪ ಬರುತ್ತಾನೆ. ಕಡಬು ಮೋದಕ ತಿಂದು ಹೋಗುತ್ತಾನೆ. ಅವನ ಹಿಂದೆಯೇ, ಅಷ್ಟಮಿಗೆ, ಜೋಕುಮಾರ ಹುಟ್ಟುತ್ತಾನೆ. ಅಗಲ ಕಣ್ಣು, ಹುರಿ ಮೀಸೆ, ತೆರೆದ ಬಾಯಿಯ ಮಣ್ಣಿನ ಮೂರ್ತಿ. ಅವನನ್ನು ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕೂರಿಸಿ, ತಲೆಯ ಮೇಲೆ ಹೊತ್ತು, ಅಂಬಿಗರ ಹೆಣ್ಣುಮಕ್ಕಳು ಮನೆಮನೆಗೆ ಬರುತ್ತಾರೆ. ಹುಣ್ಣಿಮೆಯವರೆಗೆ ಅವನ ಆಯುಷ್ಯ. ಅಷ್ಟರಲ್ಲಿ ಏಳು ಊರು ತಿರುಗಬೇಕು ಎಂಬುದು ವಾಡಿಕೆ. ಅಂಗಳದಲ್ಲಿ ಬುಟ್ಟಿ ಇಳಿಸಿ ಅವನ ಕಥೆಯ ಹಾಡು ಹೇಳುತ್ತಾರೆ. ಮನೆಯೊಡತಿ ಅವನ ಬಾಯಿಗೆ ಬೆಣ್ಣೆ ಹಚ್ಚಿ, ಮೊರದಲ್ಲಿ ಜೋಳ ತಂದು ಸುರಿಯುತ್ತಾಳೆ. ಹಾಡಿದವರು ತಿರುಗಿ ಬೇವಿನ ಎಲೆ, ನುಚ್ಚು, ಅಂಬಲಿ ಕೊಡುತ್ತಾರೆ. ಅದನ್ನು ಒಯ್ದು ರೈತರು ಹೊಲಕ್ಕೆ ಚರಗ ಚೆಲ್ಲುತ್ತಾರೆ.

ಗಣಪ ಉಳ್ಳವರ ಮನೆಯ ಸುಖ ಕಂಡು ಹೋಗಿ, ಭೂಲೋಕದಲ್ಲಿ ಎಲ್ಲ ಚೆನ್ನಾಗಿದೆ ಎಂದು ಶಿವನಿಗೆ ವರದಿ ಕೊಡುತ್ತಾನಂತೆ. ಜೋಕುಮಾರ ಹಾಗಲ್ಲ. ಕೇರಿ ಕೇರಿ ತಿರುಗಿ, ಒಣಗಿದ ಹೊಲ, ಬತ್ತಿದ ಬಾವಿ ಕಂಡು, ಕೊನೆಗೆ ಅಗಸರ ಕೈಯಲ್ಲಿ ಸತ್ತು, ಶಿವನ ಹತ್ತಿರ ಹೋಗಿ ನಿಜ ಹೇಳುತ್ತಾನೆ. ಆಗ ಮಳೆ ಬರುತ್ತದೆ. ಇದು ನಮ್ಮ ಜನರ ನಂಬಿಕೆ. ತುಂಗಭದ್ರಾ ಅಣೆಕಟ್ಟಿನ ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪದ ಕಡೆ ಬತ್ತದ ಗದ್ದೆಗಳಾದವು, ಅಕ್ಕಿ ಗಿರಣಿಗಳಾದವು. ಮೊರದಲ್ಲಿ ಜೋಳದ ಜಾಗಕ್ಕೆ ಅಕ್ಕಿಯೂ ಬಂತು. ಆದರೂ ಮಳೆಯ ದೇವರು ತನ್ನ ಸುತ್ತಾಟ ಬಿಟ್ಟಿಲ್ಲ. ಕಾಲುವೆಗೆ ನೀರು ಬಿಡಬೇಕಾದರೂ ಮೊದಲು ಮಲೆನಾಡಿನಲ್ಲಿ ಮಳೆ ಆಗಬೇಕಲ್ಲ!

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಜೋಕುಮಾರನ ಬುಟ್ಟಿ ಬರೀ ಇಸಿದುಕೊಂಡು ಹೋಗುವ ಬುಟ್ಟಿಯಲ್ಲ. ಹಾಡು ಕೊಡುತ್ತದೆ, ಬೇವು ಕೊಡುತ್ತದೆ, ಹೊಲಕ್ಕೆ ಹರಕೆ ಕೊಡುತ್ತದೆ. ಮನೆಯೊಡತಿಗೂ ಬುಟ್ಟಿ ಹೊತ್ತವಳು ಬಾರದಿದ್ದರೆ ಏನೋ ಕಳೆದುಕೊಂಡಂತೆ. ಸ್ಕಾಟ್ಲೆಂಡಿನ ಹಳೆಯ ಪದ್ಧತಿಯೂ ಹೀಗೇ ಇತ್ತು. ಅಲ್ಲಿ ವೇಷ ತೊಟ್ಟು ಬಂದ ಮಕ್ಕಳು ಒಂದು ಹಾಡು ಹೇಳಬೇಕು, ಇಲ್ಲವೇ ಒಂದು ನಗೆಮಾತು ಆಡಬೇಕು; ಆಮೇಲೆಯೇ ಸೇಬೋ ಕಾಯಿಬೀಜವೋ ಸಿಗುತ್ತಿತ್ತು. ಆ ಪದ್ಧತಿ ಸಮುದ್ರ ದಾಟಿ ಅಮೆರಿಕಕ್ಕೆ ಹೋದಾಗ ಹಾಡು ಸವೆದು ಧಮಕಿ ಉಳಿಯಿತು. ಎರಡನೆಯ ಮಹಾಯುದ್ಧ ಮುಗಿದು, 1947ರಲ್ಲಿ ಅಲ್ಲಿ ಸಕ್ಕರೆಯ ಪಡಿತರ ಪದ್ಧತಿ ಹೋದ ಮೇಲಂತೂ ಮಿಠಾಯಿ ಕಂಪನಿಗಳಿಗೆ ಅದೊಂದು ಸುಗ್ಗಿಯಾಯಿತು. ಹಾಗಂತ ಅಲ್ಲಿ ಎಲ್ಲವೂ ಕೆಟ್ಟಿತು ಎನ್ನುವಂತಿಲ್ಲ. 1950ರಲ್ಲಿ ಫಿಲಡೆಲ್ಫಿಯದ ಕೆಲವು ಮಕ್ಕಳು ಅದೇ ಸಂಜೆ ಚಿಲ್ಲರೆ ಕಾಸು ಕೇಳಿ, ಸೇರಿದ ಹಣವನ್ನು ಯುನಿಸೆಫ್ ಮೂಲಕ ಬೇರೆ ದೇಶದ ಬಡ ಮಕ್ಕಳಿಗೆ ಕಳಿಸಿದರು. ಅದು ಅಲ್ಲಿ ಇಂದಿಗೂ ನಡೆದಿದೆ.

ಇನ್ನು ಧಮಕಿಯ ಮಾತು. ನಮ್ಮ ಹೋಳಿ ಹುಣ್ಣಿಮೆ ಇದಕ್ಕೆ ಯಾವ ದೇಶಕ್ಕೂ ಬಿಟ್ಟುಕೊಡುವಂಥದ್ದಲ್ಲ. ಓಣಿಯ ಹುಡುಗರು ಹಲಗೆ ಬಾರಿಸುತ್ತ, ಬಾಯಿಗೆ ಕೈ ಬಡಿದು ಬೊಬ್ಬೆ ಹಾಕುತ್ತ ಕಾಮಣ್ಣನ ಹೆಸರಲ್ಲಿ ಕಟ್ಟಿಗೆ, ಕುಳ್ಳು ಕೇಳಲು ಬರುತ್ತಿದ್ದರು. ಕೊಟ್ಟರೆ ಸರಿ. ಕೊಡದಿದ್ದರೆ ರಾತ್ರಿ ಹಿತ್ತಲಿನ ಕುಳ್ಳಿನ ಬಣವೆ ಕರಗುತ್ತಿತ್ತು. ಮುರುಕು ಗಾಡಿಯ ಗಾಲಿ, ಹಳೆಯ ಬಾಗಿಲು ಸಹ ಕಾಮನ ಬೆಂಕಿಗೆ ಆಹುತಿಯಾಗುತ್ತಿದ್ದವು. ಆ ಒಂದು ರಾತ್ರಿಯ ಕಳವಿಗೆ ಊರು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಸಿರುಗುಪ್ಪದ ನಮ್ಮ ಓಣಿಯಲ್ಲಿ ನಾನೂ ಆ ಗುಂಪಿನ ಬಾಲದಲ್ಲಿದ್ದವನು. ಆದರೆ ಮಳೆಗಾಲಕ್ಕೆಂದು ಕುಳ್ಳು ತಟ್ಟಿ ಒಟ್ಟಿದ ಒಂಟಿ ಮುದುಕಿಗೆ ಆ ರಾತ್ರಿ ನಗು ಬರುತ್ತಿತ್ತೇ? ಹಬ್ಬದ ಕಳವನ್ನು ನಕ್ಕು ಬಿಡುವ ಶಕ್ತಿ ತುಂಬಿದ ಹಿತ್ತಲು ಇದ್ದವರಿಗಿತ್ತು. ಒಂದೇ ಬಣವೆ ಇದ್ದವಳಿಗೆ ಇರಲಿಲ್ಲ.

ಕಾಮಣ್ಣನ ಹುಡುಗರು ಈಗ ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಗಣೇಶನ ಚಂದಾ ಎನ್ನುತ್ತಾರೆ, ಮೊತ್ತವನ್ನೂ ಅವರೇ ಬರೆದುಕೊಂಡು ಬಂದಿರುತ್ತಾರೆ. ಕೊಡದಿದ್ದರೆ ಯಾವ ಕಿತಾಪತಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಅಂಗಡಿಯವನಿಗೆ ಅರ್ಥವಾಗುತ್ತದೆ. ‘ಇಲ್ಲ’ ಅನ್ನುವ ಧೈರ್ಯ ಮನೆಯವರಿಗೆ ಉಳಿಯದಿದ್ದರೆ ಅಲ್ಲಿ ಹಬ್ಬ ಮುಗಿದು ವಸೂಲಿ ಶುರುವಾಯಿತು ಎಂದೇ ಲೆಕ್ಕ.

ಇದಕ್ಕೆ ಪೂರ್ತಿ ಎದುರಾಗಿ ನಿಲ್ಲುವುದು ನಮ್ಮ ಪೀರಲ ಹಬ್ಬ. ಮೊಹರಂ ನಮ್ಮ ಸೀಮೆಯಲ್ಲಿ ಒಂದು ಜಾತಿಯ, ಒಂದು ಮತದ ಹಬ್ಬವಾಗಿ ಉಳಿದಿಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಯಲ್ಲಿ ಪೀರ ದೇವರು ಕೂರುವುದುಂಟು. ಅಲಾಯಿ ಎಂಬ ಬೆಂಕಿಕುಣಿಯ ಸುತ್ತ ಹೆಜ್ಜೆ ಕುಣಿತ, ರಿವಾಯತ್ ಪದ, ಹುಲಿವೇಷ ಎಲ್ಲವೂ ಇರುತ್ತವೆ. ಹುಲಿವೇಷಕ್ಕೆ ಹರಕೆ ಹೊತ್ತವನು ಮೈಗೆ ಬಣ್ಣ ಬಳಿದುಕೊಂಡು, ಹಲಗೆಯ ಗತ್ತಿಗೆ ಕುಣಿಯುತ್ತ ಬಂದರೆ ಸಣ್ಣ ಮಕ್ಕಳು ತಾಯಿಯ ಸೆರಗಿನೊಳಗೆ. ಆಮೇಲೆ ಸೆರಗಿನ ಸಂದಿಯಿಂದ ಒಂದೇ ಕಣ್ಣು ಹೊರಗೆ. ಹೆದರುವ ಸುಖ ಎಂಬುದೊಂದು ಇದೆ. ಅದಕ್ಕೆ ಹ್ಯಾಲೋವೀನಿನ ಕುಂಬಳಕಾಯಿಯ ದೆವ್ವವೇ ಆಗಬೇಕೆಂದಿಲ್ಲ.

ಆದರೆ ನಾನು ಹೇಳಹೊರಟದ್ದು ಫಕೀರರ ವಿಷಯ. ಮಗುವಿಗೆ ಜಡ್ಡು ಬಂದಾಗ, ಹುಟ್ಟಿದ ಕೂಸುಗಳು ಉಳಿಯದಿದ್ದಾಗ, ಪೀರ ದೇವರಿಗೆ ‘ಇವನನ್ನ ಫಕೀರ ಮಾಡ್ತೀವಿ’ ಎಂದು ಹರಕೆ ಹೊರುತ್ತಾರೆ. ಹಬ್ಬ ಬಂದಾಗ ಆ ಹುಡುಗ ಕೊರಳಿಗೆ ಲಾಡಿ ಹಾಕಿಕೊಂಡು, ಹೆಗಲಿಗೆ ಜೋಳಿಗೆ ತೂಗಿಕೊಂಡು ಐದು ಮನೆ ಬೇಡಬೇಕು. ಅವನು ಗೌಡರ ಮಗನಿರಲಿ, ಗಿರಣಿ ಸಾಹುಕಾರನ ಮಗನಿರಲಿ, ಬೇಡಲೇಬೇಕು. ಹೀಗೆ ಉಳಿದ ಮಕ್ಕಳೇ ನಮ್ಮ ಹಿಂದೂ ಮನೆಗಳ ಫಕೀರಪ್ಪ, ಹುಸೇನಪ್ಪ, ಫಕೀರಮ್ಮಂದಿರು. ಮತದಾರರ ಪಟ್ಟಿ ತೆಗೆದು ನೋಡಿ, ಈ ಹೆಸರುಗಳು ಸಾಲಾಗಿ ಸಿಗುತ್ತವೆ.

‘ಉಂಡು ತಿಂದು ಸುಖವಾಗಿರೋ ಮನಿ ಕೂಸು ಬೇಡೋದೇನವ್ವ’ ಎಂಬ ಪ್ರಶ್ನೆಗೆ ಈ ಹಬ್ಬ ಕೊಡುವ ಉತ್ತರ ಬಲು ಗಟ್ಟಿಯಾದದ್ದು. ಹೌದು, ಉಳ್ಳವರ ಕೂಸೇ ಬೇಡಬೇಕು. ಕೈ ಯಾವಾಗಲೂ ಮೇಲೇ ಇದ್ದರೆ ಕೆಳಗಿನ ಕೈಯ ಸಂಕಟ ತಿಳಿಯದು. ಉಪನಯನದಲ್ಲಿ ವಟು ಮೊದಲ ಭಿಕ್ಷೆ ಬೇಡುವುದರಲ್ಲೂ, ಜಂಗಮರು ಜೋಳಿಗೆ ಹಿಡಿದು ಕಂತೆ ಭಿಕ್ಷೆಗೆ ಹೊರಡುವುದರಲ್ಲೂ ಇದೇ ತಿಳಿವಳಿಕೆ ಇದೆ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಜೋಳವನ್ನಾಗಲಿ ದುಡ್ಡನ್ನಾಗಲಿ ಕೇಳಲಿಲ್ಲ. ನಿಮ್ಮ ಕುಡಿತ, ತಂಬಾಕು, ದುಶ್ಚಟ ಇದರಲ್ಲಿ ಹಾಕಿ ಎಂದರು. ಅವರು ಹುಟ್ಟಿದ ದಿನ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಬೇಡುವುದರಲ್ಲಿ ಎಷ್ಟೊಂದು ಬಗೆ ಇದೆ ನೋಡಿ.

ಇಲ್ಲಿಯವರೆಗೆ ಹೇಳಿದ್ದು ಒಂದು ದಿನವೋ ಒಂದು ವಾರವೋ ಬೇಡಿ, ಆಮೇಲೆ ಮನೆಗೆ ಹೋಗಿ ಉಣ್ಣುವವರ ಮಾತು. ಇನ್ನು ಬೇಡುವುದೇ ಬದುಕಾದವರ ಕಡೆಗೆ ತಿರುಗಬೇಕು. ನನ್ನ ಎರಡು ಮನಸ್ಸು ನಿಜವಾಗಿ ಶುರುವಾಗುವುದು ಅಲ್ಲಿಂದಲೇ.

ಹಗಲುವೇಷದವರನ್ನು ಕೇಳುಗರಲ್ಲಿ ಹಿರಿಯರೆಲ್ಲ ನೋಡಿರುತ್ತೀರಿ. ಬುಡ್ಗ ಜಂಗಮ ಸಮುದಾಯದ ಕಲಾವಿದರು. ಮನೆಮಾತು ತೆಲುಗು, ಬೀದಿಯಲ್ಲಿ ಸ್ವಚ್ಛ ಕನ್ನಡ. ಊರ ಹೊರಗೆ ಬಿಡಾರ ಹೂಡಿ, ದಿನಕ್ಕೊಂದು ವೇಷ ಕಟ್ಟಿ, ಒಬ್ಬ ರಾಮ, ಒಬ್ಬ ಆಂಜನೇಯ, ಒಬ್ಬ ರಾವಣನಾಗಿ, ಹಾರ್ಮೋನಿಯಂ ತಬಲಾ ಹಿಡಿದು ಓಣಿ ಓಣಿಗೆ ಬರುತ್ತಿದ್ದರು. ರಂಗವಿಲ್ಲ, ಪರದೆಯಿಲ್ಲ, ರಾತ್ರಿಯ ದೀಪದ ಆಸರೆಯಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ, ಅರ್ದಳದ ಬಣ್ಣ ಬೆವರಿಗೆ ಕರಗುತ್ತಿರುವಾಗ, ಮುಖದ ಮೇಲೆ ಮುಖವಿಟ್ಟು ನೋಡುವ ಜನರೆದುರು ಆಡಬೇಕು. ಕೊನೆಯ ದಿನ ದವಸ, ಹಳೆ ಬಟ್ಟೆ, ದುಡ್ಡು ಎತ್ತಿಕೊಂಡು ಮುಂದಿನ ಊರಿಗೆ.

ವಕೀಲರಾಗಿದ್ದು ನಟನೆಯಲ್ಲಿ ಹೆಸರಾಗಿ, 1946ರಲ್ಲಿ ತೀರಿಕೊಂಡ ಬಳ್ಳಾರಿ ರಾಘವರ ಹೆಸರಲ್ಲಿ ಬಳ್ಳಾರಿ ನಗರದಲ್ಲಿ ಕಲಾಮಂದಿರವಿದೆ. ಇರಬೇಕಾದ್ದೇ. ಆದರೆ ಮಂದಿರದೊಳಗೆ ಬಣ್ಣ ಹಚ್ಚಿದ ರಾವಣ ಕಲಾವಿದ, ಬಾಗಿಲಿಗೆ ಬಂದು ನಿಂತ ರಾವಣ ಮಾತ್ರ ‘ಮುಂದಕ್ಕೆ ಹೋಗಪ್ಪಾ’ ಎನ್ನಿಸಿಕೊಳ್ಳುವವ. ಒಳಗಿನವನನ್ನು ನೋಡಲು ಟಿಕೇಟು ಕೊಂಡವರು ಹೊರಗಿನವನಿಗೆ ಚಿಲ್ಲರೆ ಹುಡುಕುತ್ತೇವೆ. ಸಂಡೂರು ತಾಲೂಕಿನ ದರೋಜಿಯ ಈರಮ್ಮ ಇದೇ ಅಲೆಮಾರಿ ಲೋಕದಿಂದ ಬಂದವರು. ಅಕ್ಷರ ಕಲಿಯದೆ, ದೊಡ್ಡ ದೊಡ್ಡ ಬುರ್ರಕಥೆಗಳನ್ನು ನೆನಪಿನಲ್ಲೇ ಇಟ್ಟುಕೊಂಡು, ಊರೂರು ತಿರುಗಿ ಹಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ಅಂಥ ಕಂಠವನ್ನು ನಾವು ಮೊದಲು ಕಂಡದ್ದು ಕಲೆಯಾಗಿ ಅಲ್ಲ, ಕಾಳಿಗೆ ಬಂದ ಸದ್ದಾಗಿ.

ಇನ್ನೊಬ್ಬರು ದುರುಗಮುರುಗಿಯವರು. ಹೆಂಡತಿಯ ತಲೆಯ ಮೇಲೆ ಮಾರೆಮ್ಮನ ಪೆಟ್ಟಿಗೆ, ಗಂಡನ ಕೈಯಲ್ಲಿ ಬಾರುಕೋಲು. ಉರುಮೆಯ ಸದ್ದಿಗೇ ಮಕ್ಕಳು ಮಂಚದ ಕೆಳಗೆ ಸೇರುತ್ತಿದ್ದವು. ಬಾರುಕೋಲು ಚಟೀರೆಂದು ಬೀಳುತ್ತಿದ್ದದ್ದು ಅವನದೇ ಮೈಮೇಲೆ. ಇಲ್ಲಿ ಧಮಕಿ ತಿರುಗುಮುರುಗಾಗಿದೆ: ಕೊಡದಿದ್ದರೆ ನಿಮಗೆ ತೊಂದರೆ ಕೊಡುತ್ತೇನೆ ಎನ್ನುವುದಿಲ್ಲ, ನನ್ನನ್ನೇ ಹೊಡೆದುಕೊಳ್ಳುತ್ತೇನೆ ಎನ್ನುತ್ತದೆ ಆ ಆಟ. ಮನೆಯವರು ನೋಡಲಾರದೆ ಬೇಗ ಬೇಗ ಮೊರ ತರುತ್ತಿದ್ದರು. ಈ ಪದ್ಧತಿ ನಮ್ಮ ಸಂಸ್ಕೃತಿ, ಉಳಿಯಬೇಕು ಎಂದು ಯಾರಾದರೂ ಭಾಷಣ ಮಾಡಿದರೆ ನಾನು ಒಪ್ಪುವುದಿಲ್ಲ. ಅವನ ಬೆನ್ನಿನ ಬಾಸುಂಡೆಯನ್ನು ಸಂಸ್ಕೃತಿಯ ಲೆಕ್ಕಕ್ಕೆ ಬರೆಯುವ ಹಕ್ಕು ನಮಗಿಲ್ಲ. ಅವನ ಮಗಳು ಶಾಲೆಗೆ ಹೋಗಲಿ. ಬಾರುಕೋಲು ವಸ್ತುಸಂಗ್ರಹಾಲಯಕ್ಕೆ ಹೋಗಲಿ.

ಕುರುಗೋಡಿನ ಹತ್ತಿರವೇ ಕಲ್ಲುಕಂಬ ಎಂಬ ಊರು. ಮಂಜಮ್ಮ ಜೋಗತಿ ಅಲ್ಲಿಯವರು. ಗಂಡಾಗಿ ಹುಟ್ಟಿ, ಹೆಣ್ಣಾಗಿ ಬದುಕುವೆನೆಂದಾಗ ಮನೆ ದೂರವಾಯಿತು. ಸೀರೆಯುಟ್ಟು ಬೀದಿಯಲ್ಲಿ ಬೇಡಿ ಬದುಕಿದರು. ಕಾಳವ್ವ ಜೋಗತಿಯವರ ಬಳಿ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯ ಕಲಿತರು. ಬೇಡಲು ಹಿಡಿದ ಕೊಡವೇ ಕಲೆಯ ಕೊಡವಾಯಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಮಂಗಳಮುಖಿ ಅವರು. 2021ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದವರು ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದು ಹರಸಿದ್ದನ್ನು ದೇಶವೆಲ್ಲ ಟಿವಿಯಲ್ಲಿ ಕಂಡಿತು. ಬಾಗಿಲಿಗೆ ಬಂದ ಜೋಗತಿ ನಮಗೂ ಅದೇ ಹರಕೆ ಕೊಡುತ್ತಿದ್ದಳು. ಅಂದು ಅದಕ್ಕೆ ನಾವು ಕಟ್ಟಿದ ಬೆಲೆ ಒಂದು ಹಿಡಿ ಜೋಳ.

ಸರ್ಕಾರಕ್ಕೂ ಈ ಎರಡು ಮನಸ್ಸು ಇದ್ದೇ ಇದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ನಮ್ಮ ರಾಜ್ಯದಲ್ಲಿ ಜಾರಿಯಲ್ಲಿದೆ. ನೀವು ಮಹಾನಗರ ಪಾಲಿಕೆಗೆ ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರಷ್ಟು ಭಿಕ್ಷುಕರ ಕರ ಸೇರಿರುತ್ತದೆ. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯಬೇಕಾದ್ದು ಆ ಹಣದಿಂದ. ಅಂದರೆ ಮೊರ ತರುವುದನ್ನು ನಿಲ್ಲಿಸಿದ ಮನೆಯೂ ರಸೀದಿಯ ಮೂಲಕ ಕೊಡುತ್ತಲೇ ಇದೆ. ಇನ್ನೊಂದು ಕೈಯಿಂದ ಇದೇ ಸರ್ಕಾರ ಹಗಲುವೇಷದವರನ್ನು ಉತ್ಸವಗಳಿಗೆ ಕರೆಸುತ್ತದೆ, ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಹಂಪಿ ಉತ್ಸವದ ಮೆರವಣಿಗೆಯಲ್ಲಿ ಕಲಾವಿದನಾದವನು ಮರುದಿನ ಓಣಿಯಲ್ಲಿ ಏನಾಗುತ್ತಾನೆ ಎಂಬುದಕ್ಕೆ ಕಾಯ್ದೆಯ ಪುಸ್ತಕ ತೆರೆಯುವುದು ಬೇಡ. ಬಾಗಿಲು ತೆರೆಯುವವರ ಕಣ್ಣು ನೋಡಿದರೆ ಸಾಕು.

ಹಾಗಾದರೆ ಮಕ್ಕಳನ್ನು ಬಾಗಿಲಿಂದ ಬಾಗಿಲಿಗೆ ಕಳಿಸಬೇಕೋ ಬೇಡವೋ? ಕಳಿಸಿ ಎಂದೇ ನನ್ನ ಮಾತು. ಗೇಟು, ಕ್ಯಾಮರಾ, ಕಾವಲುಗಾರರ ಈ ಕಾಲದಲ್ಲಿ ಎದುರು ಮನೆಯವರ ಹೆಸರು ಗೊತ್ತಿಲ್ಲದ ಮಕ್ಕಳು ಬೆಳೆಯುತ್ತಿದ್ದಾರೆ. ವೇಷ ಹಾಕಿ ಹೋಗುವ ನೆಪದಲ್ಲಾದರೂ ನಾಲ್ಕು ಬಾಗಿಲು ತೆರೆಯಲಿ. ಆದರೆ ಹೋದ ಮಗು ಒಂದು ಹಾಡು ಹೇಳಲಿ, ಒಂದು ಒಗಟು ಕೇಳಲಿ. ಏನಾದರೂ ಕೊಟ್ಟು ಪಡೆಯಲಿ. ಬಾಗಿಲು ತೆರೆಯದ ಮನೆಗೆ ಕಿತಾಪತಿ ಬೇಡ. ಆ ಮನೆಯಲ್ಲಿ ಜಡ್ಡಿನವರಿರಬಹುದು, ಸಾವಿನ ಸೂತಕ ಇರಬಹುದು, ಕೈಯಲ್ಲಿ ಕಾಸಿಲ್ಲದಿರಬಹುದು.

ನಮ್ಮಲ್ಲೇ ಇದಕ್ಕೊಂದು ಚೆಂದದ ಮಾದರಿ ಇದೆ. ದಸರೆಯ ಸಂಜೆ ಬನ್ನಿ ಹಂಚಲು ಹೋಗುತ್ತೇವಲ್ಲ, ಅಲ್ಲಿ ಬೇಡುವವರು ಯಾರು, ನೀಡುವವರು ಯಾರು? ಎಲ್ಲರ ಕೈಯಲ್ಲೂ ನಾಲ್ಕು ಎಲೆ. ಜಗಳವಾಡಿ ಮಾತು ಬಿಟ್ಟವರೂ ಆ ಸಂಜೆ ಹೊಸ್ತಿಲು ತುಳಿಯುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಕಿರಿಯರು ಕಾಲಿಗೆ ಬೀಳುತ್ತಾರೆ, ಹಿರಿಯರು ಹರಸಿ ಕಾಸು ಕೊಡುತ್ತಾರೆ. ಮಿಠಾಯಿಯ ಸಂಜೆಗೆ ಮಕ್ಕಳನ್ನು ಕಳಿಸುವ ಮನೆಗಳು ಬನ್ನಿಯ ಸಂಜೆಯನ್ನೂ ಬಿಡದಿರಲಿ. ಎರಡಕ್ಕೂ ನಡುವೆ ಕೆಲವು ವಾರಗಳ ಅಂತರವಷ್ಟೇ.

ಕೊನೆಯದಾಗಿ ದೊಡ್ಡವರಿಗೆ ಒಂದು ಮಾತು. ವೇಷದ ಮಗುವಿಗೆ ಚಾಕಲೇಟು ಕೊಟ್ಟು ನಗುವ ನಾವು, ವೇಷವೇ ಹೊಟ್ಟೆಪಾಡಾದವನ ಮುಖ ನೋಡಿ ಬಾಗಿಲು ಹಾಕಬಾರದು. ಹಗಲುವೇಷದವರು ಓಣಿಗೆ ಬಂದರೆ ಹತ್ತು ಮನೆಯವರು ಸೇರಿ ಒಂದು ತಾಸು ಆಡಿಸಿ, ಸಂಭಾವನೆಯನ್ನು ತಾಂಬೂಲದ ತಟ್ಟೆಯಲ್ಲಿಟ್ಟು ಕೊಡಿ. ಅವರ ಜೊತೆ ಬಂದ ಮಗುವನ್ನು ಯಾವ ತರಗತಿ ಎಂದು ಕೇಳಿ. ಶಾಲೆ ಬಿಟ್ಟಿದ್ದರೆ ಹತ್ತಿರದ ಶಾಲೆಯ ಮೇಷ್ಟ್ರಿಗೆ ತಿಳಿಸಿ. ಬರುವ ಭಾದ್ರಪದಕ್ಕೆ ಜೋಕುಮಾರ ಬಂದಾಗ ಅವನ ಬಾಯಿಗೆ ಧಾರಾಳವಾಗಿ ಬೆಣ್ಣೆ ಹಚ್ಚಿ. ಅವನನ್ನು ಹೊತ್ತು ತಂದವಳನ್ನು ಅಂಗಳದಲ್ಲೇ ನಿಲ್ಲಿಸಬೇಡಿ. ಒಳಗೆ ಕರೆದು ಕೂರಿಸಿ, ಮೊದಲು ಒಂದು ತಂಬಿಗೆ ನೀರು ಕೊಡಿ.